ನೀರಿನೊಳಗೆ ವಾಕಿಟಾಕಿ ಮಾತಾಡುವುದಿಲ್ರೀ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಯಾದಗಿರಿ ಕಡೆಯ ನಾಲ್ಕು ಹುಡುಗರು ಕಬ್ಬಿಣದ ಡ್ರಮ್ಮುಗಳನ್ನು ಬೆಸೆದು ಒಬ್ಬರು ಕೂರುವಂಥ ಜಲಾಂತರ್ಗಾಮಿ ಮಾಡಿದ್ದಾರೆ, ಮಳೆ ಬಂದು ಕೃಷ್ಣೆಯ ಹಿನ್ನೀರು ತುಂಬಿದ ಮೇಲೆ ಅದರಲ್ಲಿ ಇಳಿಯುತ್ತಾರೆ ಅಂತ. ಫೋಟೊ ಚೆನ್ನಾಗಿತ್ತು. ಬೆಸುಗೆ ನೋಡಿದರೆ ಕೈ ಪಳಗಿದವರದ್ದೇ ಕೆಲಸ ಅನ್ನಿಸಿತು. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಮಾತು ಇತ್ತಲ್ಲ, ಒಳಗೆ ಕೂತವನು ವಾಕಿಟಾಕಿಯಲ್ಲಿ ದಡದವರ ಜೊತೆ ಸದಾ ಸಂಪರ್ಕದಲ್ಲಿ ಇರುತ್ತಾನೆ ಅಂತ, ಅದನ್ನು ಓದಿ ಬಾಯಿಗೆ ಹಾಕಿದ ಚಹಾ ಗಂಟಲಲ್ಲೇ ನಿಂತಿತು.

ನಾನು ಶಹಾಬಾದಿನವನು. ಮೂವತ್ತು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದವನು. ಈಗ ಅದೇ ಅಂಗಡಿಯಲ್ಲಿ ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡುತ್ತೇನೆ, ಯಾಕಂದರೆ ರೇಡಿಯೊ ಈಗ ಯಾರೂ ತರುವುದಿಲ್ಲ. ನೀರಿನೊಳಗೆ ರೇಡಿಯೊ ಏನಾಗುತ್ತದೆ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದುವುದಕ್ಕಿಂತ ಮೊದಲು ನಮ್ಮೂರ ಕಲ್ಲಿನ ಖಣಿಯಲ್ಲಿ ಕಂಡಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಜಾಗ ಇಲ್ಲದಿದ್ದರೆ ಕತ್ತರಿಸಿಕೊಳ್ಳಿ, ಆದರೆ ವಾಕಿಟಾಕಿ ವಿಷಯ ಮಾತ್ರ ಬಿಡಬೇಡಿ.

ನಾಲ್ಕೈದು ವರ್ಷದ ಹಿಂದೆ ನನ್ನ ತಂಗಿಯ ಮಗ ವಿಜ್ಞಾನ ಪ್ರದರ್ಶನಕ್ಕೆ ಅಂತ ಒಂದು ಚಿಕ್ಕ ಸಬ್‌ಮರೀನ್ ಮಾಡಿದ್ದ. ಮನುಷ್ಯರು ಕೂರುವಂಥದ್ದಲ್ಲ, ನಾಲ್ಕು ಅಡಿ ಪಿವಿಸಿ ಪೈಪು, ಎರಡೂ ಕಡೆ ಎಂಡ್ ಕ್ಯಾಪು, ಒಳಗೆ ಒಂದು ಪುಟ್ಟ ಪಂಪು. ಪಂಪು ನೀರು ಒಳಗೆ ಎಳೆದರೆ ಮುಳುಗಬೇಕು, ಹೊರಗೆ ನೂಕಿದರೆ ತೇಲಬೇಕು. ಡ್ರೋನಿಗೆ ಬಳಸುವ ಥರದ 2.4 ಗಿಗಾಹರ್ಟ್ಸ್ ರಿಮೋಟು. ಮನೆ ಅಂಗಳದಲ್ಲಿ, ರಸ್ತೆಯಲ್ಲಿ, ತಾರಸಿ ಮೇಲಿಂದ, ಎಲ್ಲಿಂದ ಒತ್ತಿದರೂ ಕೆಲಸ ಮಾಡಿತು. ಹುಡುಗರು ಕುಣಿದರು.

ಭಾನುವಾರ ಎಲ್ಲರೂ ಸೇರಿ ನೀರು ತುಂಬಿದ ಒಂದು ಹಳೇ ಖಣಿಗೆ ಹೋದೆವು. ಬಿಟ್ಟ. ಪೈಪು ನಿಧಾನ ಮುಳುಗಿತು. ಬೆನ್ನಿನ ಮೇಲೆ ಒಂದು ಗೇಣು ನೀರು ಬಂದಿತೋ ಇಲ್ಲವೋ, ಹುಡುಗ ನನ್ನ ಕಡೆ ತಿರುಗಿ, "ಮಾಮಾ, ಒತ್ತಿದ್ರ ಕೇಳವಲ್ದು" ಅಂದ. ಮೇಲೆ ಬಾ ಅಂತ ಒತ್ತುತ್ತಲೇ ಇದ್ದಾನೆ, ಅದು ಕೆಳಗೇ ಹೋಗುತ್ತಿದೆ. ಗುಳ್ಳೆ ಬಂದವು, ಆಮೇಲೆ ಗುಳ್ಳೆಯೂ ನಿಂತವು.

ಎರಡು ದಿನ ಪಾತಾಳ ಗರಡಿ ಹಾಕಿ ಹುಡುಕಿದೆವು. ಬಾವಿಗೆ ಬಿದ್ದ ಕೊಡ ತೆಗೆಯಲು ನಮ್ಮ ಅವ್ವ ಇಟ್ಟುಕೊಂಡಿದ್ದ ಗರಡಿ ಅದು. ಮೂರನೇ ದಿನ ಸಿಕ್ಕಿತು. ಬಿಚ್ಚಿ ನೋಡಿದರೆ ಎಲ್ಲ ನೆಟ್ಟಗೇ ಇದೆ, ಒಂದು ವೈರೂ ಕಿತ್ತಿಲ್ಲ. ತಪ್ಪು ಬೇರೆ ಕಡೆ ಇತ್ತು. ಆ ರಿಸೀವರಿನಲ್ಲಿ ಸಿಗ್ನಲ್ ತಪ್ಪಿದರೆ ಏನು ಮಾಡಬೇಕು ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಫೇಲ್‌ಸೇಫ್ ಅಂತಾರೆ. ನಮ್ಮದರಲ್ಲಿ ಅದು 'ಕೊನೆಗೆ ಹೇಳಿದ್ದನ್ನೇ ಮುಂದುವರಿಸು' ಅಂತ ಇತ್ತು. ಕೊನೆಗೆ ಹೇಳಿದ್ದು ಮುಳುಗು ಅಂತ. ಪಾಪ, ಅದು ಹೇಳಿದ ಮಾತು ಕೇಳಿಕೊಂಡು ತಳದವರೆಗೂ ಹೋಗಿತ್ತು.

ಇದನ್ನು ಯಾಕೆ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ ಅಂದರೆ, ಆ ಪೈಪಿನೊಳಗೆ ಮನುಷ್ಯ ಇರಲಿಲ್ಲ. ನಿಮ್ಮ ಫೋಟೊದ ಡ್ರಮ್ಮಿನಲ್ಲಿ ಇರುತ್ತಾನೆ.

ಈಗ ನೀರು ರೇಡಿಯೊವನ್ನು ಹೇಗೆ ನುಂಗುತ್ತದೆ ನೋಡಿ. ರೇಡಿಯೊ ಅಲೆ ನೀರಿಗೆ ಇಳಿದರೆ ನೀರಲ್ಲಿ ಕರಗಿದ ಉಪ್ಪಿನಂಶದಲ್ಲಿ ಸಣ್ಣ ಸಣ್ಣ ಕರೆಂಟು ಹುಟ್ಟಿಸುತ್ತದೆ, ಆ ಕೆಲಸದಲ್ಲೇ ಅಲೆಯ ಶಕ್ತಿ ಕರಗಿ ಬಿಸಿಯಾಗಿ ಹೋಗುತ್ತದೆ. ಎಷ್ಟು ಉಪ್ಪಿನಂಶವೋ ಅಷ್ಟು ನಷ್ಟ. ನಮ್ಮ ಭಾಗದ ನೆಲ ಸುಣ್ಣಕಲ್ಲಿನದು. ಶಹಾಬಾದ್, ವಾಡಿ, ಸೇಡಂ ಸುತ್ತ ಸಿಮೆಂಟ್ ಫ್ಯಾಕ್ಟರಿಗಳು ಸುಮ್ನೆ ಬಂದಿಲ್ಲ ಅಲ್ವಾ. ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದು ಮನೆ ಮನೆಯ ಹೆಂಗಸರಿಗೂ ಗೊತ್ತು. ಪಕ್ಕದ ಆರ್‌ಒ ಫಿಲ್ಟರ್ ಅಂಗಡಿಯವನ ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಮೀಟರ್ ತಂದು ಖಣಿ ನೀರಿಗೆ ಅದ್ದಿದೆ. ಲೀಟರಿಗೆ 610 ಮಿಲಿಗ್ರಾಂ ಅಂತ ತೋರಿಸಿತು. ಅವನು "ಕುಡಿಯಲಾಕ ಬರಲ್ಲಣ್ಣ" ಅಂದ. ನಾನು, ಕುಡಿಯುವುದಕ್ಕಲ್ಲ, ರೇಡಿಯೊಗೆ ಅಂದೆ. ನನ್ನನ್ನು ಒಂಥರಾ ನೋಡಿದ.

ಆ 610ರ ಲೆಕ್ಕ ಹಿಡಿದರೆ, ಮಾರ್ಕೆಟ್‌ನಲ್ಲಿ ಸಿಗುವ 400 ಚಿಲ್ಲರೆ ಮೆಗಾಹರ್ಟ್ಸ್ ವಾಕಿಟಾಕಿಯ ಶಕ್ತಿ ಒಂದು ಮೀಟರ್ ನೀರು ದಾಟುವಷ್ಟರಲ್ಲಿ ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮೀಟರ್‌ಗೆ ಹತ್ತು ಲಕ್ಷದಲ್ಲಿ ಒಂದು ಪಾಲು. ಮೂರಕ್ಕೆ ನೂರು ಕೋಟಿಯಲ್ಲಿ ಒಂದು ಪಾಲು. ಹೀಗೆ ಪ್ರತಿ ಮೀಟರ್‌ಗೂ ಸಾವಿರದಿಂದ ಭಾಗಿಸುತ್ತಾ ಹೋಗಿ. 2.4 ಗಿಗಾಹರ್ಟ್ಸ್‌ನ ಕಥೆ ಇನ್ನೂ ಕೆಟ್ಟದ್ದು, ಅಲ್ಲಿ ಉಪ್ಪು ಇರಲಿ ಬಿಡಲಿ ನೀರಿನ ಕಣವೇ ಅಲೆಯನ್ನು ಹೀರುತ್ತದೆ. ಅಡುಗೆಮನೆಯ ಮೈಕ್ರೊವೇವ್ ಒಲೆ ಸಾರು ಬಿಸಿ ಮಾಡುವುದು ಹೆಚ್ಚುಕಮ್ಮಿ ಇದೇ ಅಲೆಯಿಂದ. ಹತ್ತು ಸೆಂಟಿಮೀಟರ್ ನೀರಿಗೇ ಇನ್ನೂರು ಮುನ್ನೂರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಈಜುವಾಗ ಹಾಕಿಕೊಳ್ಳುವ ಇಯರ್‌ಫೋನುಗಳಲ್ಲಿ ಹಾಡನ್ನು ಒಳಗೇ ತುಂಬಿಡುವುದು ಇದಕ್ಕೇ, ಬ್ಲೂಟೂತ್ ನೀರಿನಲ್ಲಿ ನಡೆಯುವುದಿಲ್ಲ. ನಂಬಿಕೆ ಇಲ್ಲದಿದ್ದರೆ ನೀರು ಹೋಗದ ಬ್ಲೂಟೂತ್ ಸ್ಪೀಕರ್ ಒಂದನ್ನು ತುಂಬಿದ ಬಕೆಟ್ಟಿನ ತಳಕ್ಕೆ ಒತ್ತಿ ಹಿಡಿದು ನೋಡಿ.

ಸಮುದ್ರದ ನೀರಿನ ಟಿಡಿಎಸ್ 35,000ದ ಹತ್ತಿರ. ಅಲ್ಲಿ ವಾಕಿಟಾಕಿಯ ಮಾತೇ ಬೇಡ.

ಅಂದ ಮಾತ್ರಕ್ಕೆ ಆ ಹುಡುಗರ ವಾಕಿಟಾಕಿ ಪೂರ್ತಿ ಸತ್ತೇ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆಂಟೆನಾ ಡ್ರಮ್ಮಿನ ಹೊರಗೆ ಇದ್ದರೆ ಒಂದು ಮೀಟರ್, ಎರಡು ಮೀಟರ್ ಆಳದಲ್ಲಿ, ದಡ ಹತ್ತಿರ ಇದ್ದರೆ, ಕೇಳಿದರೂ ಕೇಳಬಹುದು. ನನಗೆ ಹೆದರಿಕೆ ಆಗುವುದು ಇದಕ್ಕೇ! ಪರೀಕ್ಷೆ ಮಾಡುವಾಗ ಮೊಣಕಾಲು ಮಟ್ಟದ ನೀರಲ್ಲಿ ಹಲೋ ಹಲೋ ಅಂದರೆ ಕೇಳುತ್ತದೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ಐದು ಮೀಟರ್‌ಗೆ ಇಳಿದಾಗ ಬರೀ ಸೊರ್ರ್ ಅನ್ನುತ್ತದೆ. ಆಂಟೆನಾ ಡ್ರಮ್ಮಿನ ಒಳಗೇ ಇದ್ದರೆ ನೀರಿಗೆ ಇಳಿಸುವುದೂ ಬೇಕಿಲ್ಲ, ಮುಚ್ಚಳ ಬಿಗಿದ ಕೂಡಲೇ ಬಂದ್. ಸ್ಟೀಲ್ ಡಬ್ಬಿಯಲ್ಲಿ ಟ್ರಾನ್ಸಿಸ್ಟರ್ ಇಟ್ಟು ಮುಚ್ಚಿದ ಹಾಗೆ.

ಟ್ರಾನ್ಸಿಸ್ಟರ್ ಅಂದಾಗ ಒಂದು ನೆನಪಾಯಿತು, ವಿಷಯ ಸ್ವಲ್ಪ ಆಚೆ ಹೋದರೂ ಹೇಳಿಬಿಡುತ್ತೇನೆ. ಪೈಪು ಮುಳುಗಿದ ಮೇಲೆ ನನಗೂ ಹಟ ಹತ್ತಿತು. ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಹಳೇ ಟ್ರಾನ್ಸಿಸ್ಟರ್ ಇಟ್ಟು, ಕಲಬುರಗಿ ಆಕಾಶವಾಣಿಗೆ, ಅಂದರೆ 1107 ಕಿಲೊಹರ್ಟ್ಸ್‌ಗೆ ಹಚ್ಚಿ, ಪಕ್ಕದಲ್ಲಿ ಒಂದು ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ರೆಕಾರ್ಡಿಂಗ್‌ಗೆ ಬಿಟ್ಟು, ಕಲ್ಲು ಕಟ್ಟಿ ಹಗ್ಗದಲ್ಲಿ ಖಣಿಗೆ ಇಳಿಸಿದೆ. ಹಗ್ಗಕ್ಕೆ ಮೀಟರ್‌ಗೊಂದು ಗಂಟು ಹಾಕಿದ್ದೆ. ಮೇಲೆ ತೆಗೆದು ಕೇಳಿದರೆ, ಮೂರನೇ ಗಂಟಿನವರೆಗೂ ವಾರ್ತೆ ಓದುವವರ ದನಿ ಇದೆ! ಆಮೇಲೆ ಸುಯ್ಯ್ ಅನ್ನುವ ಸದ್ದು ಮಾತ್ರ. ರಿಮೋಟು ಒಂದು ಗೇಣು ದಾಟಲಿಲ್ಲ, ಆಕಾಶವಾಣಿ ಮೂರು ಮೀಟರ್ ದಾಟಿತು. ಕೇಂದ್ರದವರ ಟ್ರಾನ್ಸ್‌ಮಿಟರು ದೊಡ್ಡದು ಅನ್ನುವುದು ಒಂದು ಕಾರಣ. ಇನ್ನೊಂದು, ಫ್ರೀಕ್ವೆನ್ಸಿ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ, ಇಳಿದಷ್ಟೂ ಅಲೆ ನೀರಿನೊಳಗೆ ಜಾಸ್ತಿ ದೂರ ಹೋಗುತ್ತದೆ.

ನೌಕಾಪಡೆಯವರು ಮಾಡುವುದೂ ಇದನ್ನೇ, ಕೊನೆಯ ತುದಿಯವರೆಗೂ ಎಳೆದುಕೊಂಡು ಹೋಗಿ. ತಮಿಳುನಾಡಿನ ತಿರುನೆಲ್ವೇಲಿ ಕಡೆ ಐಎನ್‌ಎಸ್ ಕಟ್ಟಬೊಮ್ಮನ್ ಅನ್ನುವ ಕೇಂದ್ರ ಇದೆ, 1990ರಿಂದ ಸಬ್‌ಮರೀನುಗಳಿಗೆ ಸಂದೇಶ ಕಳಿಸುತ್ತಿದೆ. ಅದರ ಫ್ರೀಕ್ವೆನ್ಸಿ 18 ಕಿಲೊಹರ್ಟ್ಸ್ ಆಸುಪಾಸು, ಒಂದು ಅಲೆಯ ಉದ್ದವೇ ಹದಿನಾರು ಹದಿನೇಳು ಕಿಲೊಮೀಟರ್. ಅಂಥದ್ದೇ ಎರಡನೇ ಕೇಂದ್ರಕ್ಕೆ 2024ರ ಅಕ್ಟೋಬರಿನಲ್ಲಿ ಅಡಿಗಲ್ಲು ಹಾಕಿದ್ದು ಎಲ್ಲಿ ಗೊತ್ತಾ? ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡಿನಲ್ಲಿ. ಸೇಡಂನಲ್ಲಿ ರೈಲು ಹತ್ತಿದರೆ ತಾಂಡೂರು ದಾಟಿ ವಿಕಾರಾಬಾದು, ನಮ್ಮ ಮನೆ ಹಿತ್ತಲು ಅಂದರೂ ನಡೆಯುತ್ತದೆ. ಸಮುದ್ರವೇ ಕಾಣದ ಸೀಮೆಯಿಂದ ಸಮುದ್ರದ ಅಡಿಗೆ ಮಾತು ಹೋಗಬೇಕು. ಕಾಡು ಕಡಿಯುತ್ತಾರೆ ಅಂತ ಅಲ್ಲಿಯ ಜನ ಗಲಾಟೆ ಮಾಡಿದ್ದೂ ನಿಜ, ಆ ವಿಷಯಕ್ಕೆ ಬೇರೆಯೇ ಪತ್ರ ಬೇಕು.

ಇಷ್ಟೆಲ್ಲ ಮಾಡಿದರೂ ಸಿಗುವುದೇನು? ಉಪ್ಪುನೀರಲ್ಲಿ ಕೆಲವು ಮೀಟರ್, ಬಹಳ ಅಂದರೆ ಹತ್ತಾರು ಮೀಟರ್ ಆಳ. ದನಿ ಹೋಗುವುದಿಲ್ಲ, ನಿಧಾನ ಅಕ್ಷರಗಳು ಹೋಗುತ್ತವೆ. ಅದೂ ಒಂದೇ ಕಡೆ, ಮೇಲಿನವರು ಹೇಳಬೇಕು ಕೆಳಗಿನವರು ಕೇಳಬೇಕು, ಯಾಕಂದರೆ ತಿರುಗಿ ಹೇಳಲು ಅಷ್ಟು ದೊಡ್ಡ ಆಂಟೆನಾವನ್ನು ಸಬ್‌ಮರೀನಿನಲ್ಲಿ ಎಲ್ಲಿ ಇಡುತ್ತಾರೆ? ಅಮೆರಿಕದವರು ಇನ್ನೂ ಕೆಳಗೆ ಹೋಗಿ 76 ಹರ್ಟ್ಸ್‌ನಲ್ಲಿ ಮಾಡಿದ್ದರು, ಮೂರು ಅಕ್ಷರ ಕಳಿಸಲು ಹದಿನೈದು ನಿಮಿಷ ಹಿಡಿಯುತ್ತಿತ್ತಂತೆ. 2004ರಲ್ಲಿ ಬಾಗಿಲು ಹಾಕಿದರು.

ಆಳದಲ್ಲಿ ಮಾತಾಡಬೇಕಾದವರು ರೇಡಿಯೊ ಬಿಟ್ಟು ಸದ್ದು ಹಿಡಿಯುತ್ತಾರೆ. ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ, ಬಹಳ ದೂರವೂ ಹೋಗುತ್ತದೆ. ಸಮುದ್ರದ ಆಳಕ್ಕೆ ಮನುಷ್ಯರನ್ನು ಇಳಿಸುವ ನಮ್ಮ ದೇಶದ ಸಮುದ್ರಯಾನ ಯೋಜನೆಗೆ ಚೆನ್ನೈನಲ್ಲಿ ಮಾಡುತ್ತಿರುವ ಮತ್ಸ್ಯ 6000 ಅನ್ನುವ ನೌಕೆ, ಮೂರು ಜನರನ್ನು 6,000 ಮೀಟರ್‌ಗೆ ಇಳಿಸಬೇಕಾದದ್ದು, ಅದರಲ್ಲೂ ನೀರಿನೊಳಗಿನ ಮಾತಿಗೆ ಸದ್ದಿನ ಫೋನೇ. ಆದರೆ ಇದನ್ನು ನಮ್ಮ ಖಣಿಯಲ್ಲಿ ಅಥವಾ ಬಾವಿಯಲ್ಲಿ ಮಾಡಲು ಹೋಗಬೇಡಿ. ದುಡ್ಡಿನ ಮಾತು ಬಿಡಿ, ನಾಲ್ಕು ಕಡೆ ನೆಟ್ಟಗೆ ಕೊರೆದ ಕಲ್ಲಿನ ಗೋಡೆ, ಒಂದು ಮಾತು ಹೊರಟರೆ ಹತ್ತು ಸಲ ತಿರುಗಿ ಬಂದು ಒಂದರ ಮೇಲೊಂದು ಬೀಳುತ್ತದೆ. ಬಾವಿಯೊಳಗೆ ಕೂಗಿದ ಹಾಗೆ. ಟಕ್ ಟಕ್ ಅಂತ ನಿಧಾನವಾಗಿ ಬಡಿದರೆ ಎಣಿಸಲು ಬರುತ್ತದೆ, ಅಷ್ಟೇ.

ಹಾಗಾದರೆ ಹುಡುಗರು ಏನು ಮಾಡಬೇಕು? ಉತ್ತರ ನಮ್ಮ ಹೊಲಗಳಲ್ಲೇ ಇದೆ. ಬೋರ್‌ವೆಲ್ ನೋಡಿ. ಈಗ ರೈತರು ಊರಲ್ಲಿ ಕೂತೇ ಮೊಬೈಲಿಂದ ಮೋಟರ್ ಚಾಲೂ ಮಾಡುತ್ತಾರೆ. ಸಿಮ್ ಹಾಕಿದ ಪೆಟ್ಟಿಗೆ ಎಲ್ಲಿರುತ್ತದೆ? ಮೇಲೆ, ಸ್ಟಾರ್ಟರ್ ಪಕ್ಕದಲ್ಲಿ. ಅಲ್ಲಿಂದ ಕೆಳಗೆ, ನಾನ್ನೂರು ಅಡಿ ಇರಲಿ ಐನೂರು ಅಡಿ ಇರಲಿ, ಹೋಗುವುದು ಕೇಬಲ್ಲು. ಸಿಮ್ಮನ್ನು ಮೋಟರಿನ ಜೊತೆ ನೀರಿಗೆ ಇಳಿಸುವ ಮೂರ್ಖ ನಮ್ಮ ಜಿಲ್ಲೆಯಲ್ಲಿ ಒಬ್ಬನೂ ಇಲ್ಲ. ಜಲಾಂತರ್ಗಾಮಿಗೂ ಇದೇ. ಒಂದು ತೇಲುವ ಕ್ಯಾನು, ಅದರ ಮೇಲೆ ಬೇಕಾದರೆ ರೇಡಿಯೊ, ಅಲ್ಲಿಂದ ಕೆಳಗೆ ವೈರು. ದಡ ಹತ್ತಿರ ಇದ್ದರೆ ರೇಡಿಯೊ ಕೂಡ ಬೇಡ, ವೈರು ನೇರ ದಡಕ್ಕೆ. ಸಬ್‌ಮರ್ಸಿಬಲ್ ಮೋಟರಿನ ಮೂರು ಕೋರ್ ಕೇಬಲ್ ಹುಟ್ಟಿರುವುದೇ ನೀರಿನಲ್ಲಿ ಇರಲು. ಎರಡು ಹಳೇ ಲ್ಯಾಂಡ್‌ಲೈನ್ ಫೋನು, ಒಂದು 9 ವೋಲ್ಟ್ ಬ್ಯಾಟರಿ, ಒಂದು ರೆಸಿಸ್ಟರು, ಎಲ್ಲ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿದರೆ ಮುಗಿಯಿತು, ಮಾತು ಪಕ್ಕದಲ್ಲಿ ಕೂತಷ್ಟು ಸ್ಪಷ್ಟ. ಗುಜರಿಯಲ್ಲಿ ಈ ಫೋನುಗಳು ತೂಕಕ್ಕೆ ಸಿಗುತ್ತವೆ. ಜೊತೆಗೆ ಬೇರೆಯಾಗಿ ಒಂದು ಗಟ್ಟಿ ನೈಲಾನ್ ಹಗ್ಗ ಇರಲಿ. ಕೇಬಲ್ ಹಿಡಿದು ಎಳೆಯಬಾರದು, ಮೋಟರ್ ಎತ್ತುವವರನ್ನು ಕೇಳಿ, ಅವರೇ ಹೇಳುತ್ತಾರೆ.

ನನ್ನ ಅಳಿಯನ ಪೈಪಿಗೆ ಆಮೇಲೆ ಮೊದಲು ಒಂದು ಹಳೇ ಆಟಿಕೆ ಕಾರಿನ 27 ಮೆಗಾಹರ್ಟ್ಸ್ ಸೆಟ್ ಹಾಕಿದೆವು, ಒಂದೂವರೆ ಮೀಟರ್‌ವರೆಗೆ ಮಾತು ಕೇಳಿತು. ಅದು ಸಾಲದು ಅಂತ ವೈರ್ ಹಾಕಿದೆವು. ಪ್ರದರ್ಶನದ ತೀರ್ಪುಗಾರರು ಬಾಲ ಇರುವ ಸಬ್‌ಮರೀನ್ ಅಂತ ನಕ್ಕರು, ಬಹುಮಾನವೂ ಬರಲಿಲ್ಲ. ಇರಲಿ. ಖಣಿಯಲ್ಲಿ ಅದು ಎಂಟು ಮೀಟರ್ ಇಳಿದು ಪ್ರತಿ ಸಲವೂ ತಿರುಗಿ ಬಂತು.

ವೈರು ಜಾಲಿಗಿಡಕ್ಕೆ, ಮೀನಿನ ಬಲೆಗೆ ಸಿಕ್ಕಿಕೊಳ್ಳುತ್ತದಲ್ಲ ಅಂತ ಯಾರಾದರೂ ಕೇಳಬಹುದು. ಸಿಕ್ಕಿಕೊಳ್ಳುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಗಿಡಗಳು ಇದ್ದೇ ಇರುತ್ತವೆ. ವೈರು ಸಿಕ್ಕಿಕೊಳ್ಳುವ ಕಡೆ ಡ್ರಮ್ಮೂ ಸಿಕ್ಕಿಕೊಳ್ಳುತ್ತದೆ, ಅಂಥ ಕಡೆ ಇಳಿಯಲೇಬಾರದು.

ಇನ್ನು ನನಗೆ ಮುಖ್ಯ ಅನ್ನಿಸುವ ಮಾತು. ಒಳಗಿನವನ ಜೊತೆ ಮಾತಾಡುವುದು ಹರಟೆಗಲ್ಲ. ಅವನು ಸುಮ್ಮನಾದಾಗ ನಮಗೆ ಗೊತ್ತಾಗಬೇಕು, ಅದಕ್ಕೆ. 200 ಲೀಟರಿನ ಡ್ರಮ್ಮಿನಲ್ಲಿ ಒಬ್ಬ ಕೂತು ಮುಚ್ಚಳ ಹಾಕಿದರೆ, ಅವನ ಮೈ ಬಿಟ್ಟು ಉಳಿದ ಗಾಳಿಯಲ್ಲಿ ಅರ್ಧ ಗಂಟೆಯೊಳಗೇ ಅವನೇ ಬಿಟ್ಟ ಕೆಟ್ಟ ಗಾಳಿ ತುಂಬಿ ತಲೆ ಭಾರ ಆಗಲು ಶುರುವಾಗುತ್ತದೆ. ಎರಡು ಮೂರು ಡ್ರಮ್ ಬೆಸೆದಿದ್ದರೆ ಇನ್ನಷ್ಟು ಹೊತ್ತು, ಅಷ್ಟೇ. ಹಾಗೆ ಮಂಪರು ಹತ್ತಿದವನು ತಾನಾಗಿ ಫೋನ್ ಎತ್ತಿ ನನ್ನನ್ನು ತೆಗೆಯಿರಿ ಅನ್ನುವುದಿಲ್ಲ. ಮುಚ್ಚಳ ತೆಗೆದು ಹೊರಗೆ ಬರುತ್ತೇನೆ ಅಂದರೆ ಅದೂ ಆಗುವುದಿಲ್ಲ. ಐದು ಮೀಟರ್ ಆಳದಲ್ಲಿ 50 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಹೆಚ್ಚುಕಮ್ಮಿ ಒಂದು ಟನ್ ಭಾರ ಕೂತಿರುತ್ತದೆ.

ಹಾಗಾಗಿ ದಡದಲ್ಲಿ ಇರುವವನು ಗಡಿಯಾರ ನೋಡಿಕೊಂಡು ಎರಡು ನಿಮಿಷಕ್ಕೊಮ್ಮೆ ಕೇಳಬೇಕು. ಉತ್ತರ ಬರಲಿಲ್ಲವೇ, ಇನ್ನೊಂದು ಸಲ ಕೇಳಬೇಕು. ಆಗಲೂ ಬರಲಿಲ್ಲವೇ, ಏನು ಎತ್ತ ಅನ್ನದೆ ಹಗ್ಗ ಎಳೆಯಬೇಕು. ಫೋನೇ ಕೆಟ್ಟರೆ ಹಗ್ಗದ ಭಾಷೆ ಇರಲಿ. ಮುಳುಗುಗಾರರಲ್ಲಿ ನಾಲ್ಕು ಸಲ ಜಗ್ಗಿದರೆ ನನ್ನನ್ನು ಮೇಲೆತ್ತಿ ಅಂತ ಅರ್ಥ, ಅದನ್ನೇ ಇಟ್ಟುಕೊಳ್ಳಿ. ಈ ಕಟ್ಟುನಿಟ್ಟು ವೈರಿನಲ್ಲಿ ನಡೆಯುತ್ತದೆ, ವಾಕಿಟಾಕಿಯಲ್ಲಿ ನಡೆಯುವುದಿಲ್ಲ. ಯಾಕಂದರೆ ವಾಕಿಟಾಕಿ ಸುಮ್ಮನಾದರೆ ದಡದವರು ಏನಂತಾರೆ? "ನೀರಾಗ ಸಿಗ್ನಲ್ ಸಿಗಲ್ಲ ಬಿಡೋ, ಬರ್ತಾನ." ಬೀಡಿ ಹಚ್ಚುತ್ತಾರೆ.

2023ರ ಜೂನ್‌ನಲ್ಲಿ ಟೈಟಾನಿಕ್ ನೋಡಲು ಹೋದ ಟೈಟನ್ ಸಬ್‌ಮರ್ಸಿಬಲ್ ನೆನಪಿರಬಹುದು. ಅವರದು ಸದ್ದಿನಲ್ಲಿ ಚಿಕ್ಕ ಚಿಕ್ಕ ಮೆಸೇಜು ಕಳಿಸುವ ವ್ಯವಸ್ಥೆ. ಇಳಿದು ಒಂದೂ ಮುಕ್ಕಾಲು ಗಂಟೆಗೆ ಸದ್ದಡಗಿತು. ಅಲ್ಲಿ ಗೋಡೆಯೇ ಒಡೆದು ಹೋಗಿತ್ತು, ಐದೂ ಜನ ಆ ಕ್ಷಣವೇ ಹೋಗಿದ್ದರು, ಯಾವ ಫೋನಿದ್ದರೂ ಉಳಿಯುತ್ತಿರಲಿಲ್ಲ. ಆದರೂ ಒಂದು ವಿಷಯ ಗಮನಿಸಿ, ಕರಾವಳಿ ಪಡೆಗೆ ಸುದ್ದಿ ಮುಟ್ಟಿದ್ದು ಗಂಟೆಗಟ್ಟಲೆ ಕಳೆದ ಮೇಲೆ. ಹಿಂದಿನ ವರ್ಷದ ಒಂದು ಇಳಿತದಲ್ಲೂ ಅದು ಎಲ್ಲಿದೆ ಅಂತ ಹಡಗಿನವರಿಗೆ ಬಹಳ ಹೊತ್ತು ತಿಳಿದಿರಲಿಲ್ಲ, ಕೊನೆಗೆ ತಾನಾಗಿ ಬಂತು. ಒಮ್ಮೆ ಹಾಗೆ ತಿರುಗಿ ಬಂದರೆ ಮುಂದಿನ ಸಲ ಯಾರಿಗೂ ಗಾಬರಿ ಆಗುವುದಿಲ್ಲ.

ರಿಮೋಟಿನ ಚಿಕ್ಕ ಮಾಡೆಲ್ ಮಾಡುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಆ ಫೇಲ್‌ಸೇಫ್ ಸೆಟ್ಟಿಂಗನ್ನು ಮೊದಲ ದಿನವೇ 'ಸಿಗ್ನಲ್ ತಪ್ಪಿದರೆ ನೀರು ಹೊರಗೆ ನೂಕಿ ಮೇಲೆ ಬಾ' ಅಂತ ಮಾಡಿಬಿಡಿ. ನೀರಿಗೆ ಬಿಡುವ ಮೊದಲು ಬಕೆಟ್ಟಿನಲ್ಲಿಟ್ಟು ರಿಮೋಟ್ ಆಫ್ ಮಾಡಿ, ಪಂಪು ಯಾವ ಕಡೆ ತಿರುಗುತ್ತದೆ ನೋಡಿ. ಐದು ನಿಮಿಷದ ಕೆಲಸ. ನಾವು ಮಾಡದೆ ಮೂರು ದಿನ ಗರಡಿ ತಿರುಗಿಸಿದೆವು.

ಸಂಪಾದಕರೇ, ನಿಮ್ಮ ವರದಿಗಾರರ ಮೇಲೆ ನನಗೇನೂ ಸಿಟ್ಟಿಲ್ಲ, ಹುಡುಗರು ಹೇಳಿದ್ದನ್ನು ಅವರು ಬರೆದಿದ್ದಾರೆ. ಆದರೆ ಅದೇ ಪುಟದಲ್ಲಿ ಈ ವಾಕಿಟಾಕಿ ವಿಷಯ ತಪ್ಪು ಅಂತ ನಾಲ್ಕು ಸಾಲು ಹಾಕಿ, ಮಳೆಗಾಲ ಶುರುವಾಗುವ ಮೊದಲು. ಆ ಹುಡುಗರಿಗೂ ಒಂದು ಮಾತು ತಲುಪಿಸಿ. ಅಳಿಯನ ಪೈಪಿನ ಕೇಬಲ್ಲು ನಲವತ್ತು ಮೀಟರ್ ನನ್ನ ಅಂಗಡಿಯ ಅಟ್ಟದ ಮೇಲೆ ಸುತ್ತಿಟ್ಟಿದ್ದೇನೆ, ಎರಡು ಫೋನೂ ಇವೆ. ಬಂದು ಒಯ್ಯಲಿ, ದುಡ್ಡು ಬೇಡ. ಕೇಬಲ್ ಮಾತ್ರ ವಾಪಸ್ ತಂದು ಕೊಡಬೇಕು, ತಾಮ್ರದ ರೇಟು ಈಗ ಜಾಸ್ತಿ.

ಇಂತಿ,
ನಿಮ್ಮ ಓದುಗ, ಒಬ್ಬ ರೇಡಿಯೊ ರಿಪೇರಿಯವನು
ಶಹಾಬಾದ್, ಕಲಬುರಗಿ ಜಿಲ್ಲೆ